ಡಿಗ್ರಿಗೆ ಸೇರುವ ಮುನ್ನ: ಕಾಂಬಿನೇಷನ್ ಆರಿಸುವುದು ಹೇಗೆ?

ಮಲೆನಾಡಿನಲ್ಲಿ ಮಳೆ ಹಿಡಿಯುವ ಹೊತ್ತಿಗೇ ಡಿಗ್ರಿ ಕಾಲೇಜುಗಳ ಅಡ್ಮಿಷನ್ನೂ ಶುರುವಾಗುತ್ತದೆ. ಒದ್ದೆ ಕೊಡೆ ಹಿಡಿದು ಕಾರಿಡಾರಿನಲ್ಲಿ ನಿಂತ ಮಕ್ಕಳ ಬಾಯಲ್ಲಿ ಒಂದೇ ಪ್ರಶ್ನೆ: ‘ನೀನು ಯಾವ ಕಾಂಬಿನೇಷನ್ ತಗೊಂಡೆ?’ ನಾನೂ ಹಾಗೇ ಕೇಳಿ, ಗೆಳತಿ ಬರೆದಿದ್ದನ್ನೇ ಬರೆದು ಬಂದವಳು. ಫಿಸಿಕ್ಸ್, ಗಣಿತ, ಕಂಪ್ಯೂಟರ್ ಸೈನ್ಸ್. ಮುಂದೆ ಎಂ.ಎಸ್ಸಿ. ಕೆಮಿಸ್ಟ್ರಿ ಓದುವ ಮನಸ್ಸಾದಾಗ ದಾರಿ ಇರಲಿಲ್ಲ. ಡಿಗ್ರಿಯಲ್ಲಿ ಓದದ ವಿಷಯದಲ್ಲಿ ಎಂ.ಎಸ್ಸಿ. ಸೀಟು ಎಲ್ಲಿಂದ ಬರಬೇಕು? ಆ ಸಂಕಟ ಇನ್ನೂ ನೆನಪಿದೆ. ಅದಕ್ಕೇ ಹೇಳುತ್ತಿದ್ದೇನೆ, ಆಯ್ಕೆಯನ್ನು ಕೊನೆಯಿಂದ ಶುರು ಮಾಡಿ.

ಮೊದಲು ಒಂದು ಹಾಳೆ ತಗೊಂಡು, ಡಿಗ್ರಿ ಮುಗಿದ ಮೇಲೆ ಏನು ಮಾಡಬೇಕು ಅಂತ ಬರೆಯಿರಿ. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದಲ್ಲಿ ಪಿಜಿ ಮಾಡಬೇಕಾ? ಹಾಗಾದರೆ ಆ ವಿಷಯ ಈಗಲೇ ಕಾಂಬಿನೇಷನ್‌ನಲ್ಲಿ ಇರಲಿ. ಬಿ.ಎಡ್. ಮಾಡಿ ಮೇಷ್ಟ್ರಾಗಬೇಕಾ? ಪಿಸಿಎಂ (ಫಿಸಿಕ್ಸ್, ಕೆಮಿಸ್ಟ್ರಿ, ಗಣಿತ) ಓದಿದವರ ಹುದ್ದೆ ಬೇರೆ, ಸಿಬಿಝಡ್ (ಕೆಮಿಸ್ಟ್ರಿ, ಬಾಟನಿ, ಝೂವಾಲಜಿ) ಓದಿದವರದ್ದು ಬೇರೆ. ಕೆಎಎಸ್, ಬ್ಯಾಂಕ್ ಪರೀಕ್ಷೆಗಳಿಗಾದರೆ ಯಾವ ಡಿಗ್ರಿಯೂ ನಡೆಯುತ್ತದೆ. ಆಗ ಮನಸ್ಸಿಗೆ ಹಿಡಿಸಿದ್ದನ್ನೇ ಓದಿ.

ಎರಡನೆಯದು, ವಿಷಯವನ್ನು ಕಣ್ಣಾರೆ ನೋಡುವುದು. ಸೀನಿಯರ್ ಒಬ್ಬರ ರೆಕಾರ್ಡ್ ಬುಕ್ ಒಂದು ರಾತ್ರಿಗೆ ಇಸ್ಕೊಂಡು ಬನ್ನಿ. ಬಾಟನಿಯದಾದರೆ ಕಾಂಡದ ಅಡ್ಡಸೀಳಿನ ಚಿತ್ರ, ಪೆನ್ಸಿಲಿನಲ್ಲಿ ಒಂದೊಂದೇ ಕೋಶ ಬಿಡಿಸಿದ್ದು, ಪುಟಗಟ್ಟಲೆ ಇರುತ್ತದೆ. ಇದನ್ನು ಕೂತು ಬಿಡಿಸಲು ನಿಮಗೆ ಖುಷಿಯಾಗುತ್ತದಾ? ಹಳೆ ಪ್ರಶ್ನೆಪತ್ರಿಕೆಯನ್ನೂ ನೋಡಿ. ಆದರೆ ಮೊದಲ ಸೆಮಿಸ್ಟರಿನದ್ದಲ್ಲ, ಐದನೆಯದ್ದು. ವಿಷಯದ ನಿಜವಾದ ಮುಖ ಅಲ್ಲಿ ಕಾಣುತ್ತದೆ. ಬಿ.ಎ. ಸೇರುವವರು ಒಂದು ಗಮನಿಸಿ: ಭಾಷೆಯಾಗಿ ಓದುವ ಕನ್ನಡ ಬೇರೆ, ಕಾಂಬಿನೇಷನ್ನಿನ ಒಂದು ವಿಷಯವಾಗಿ ಆರಿಸುವ ಐಚ್ಛಿಕ ಕನ್ನಡ ಬೇರೆ.

ಸೀನಿಯರ್ ಮಾತನ್ನೂ ಸ್ವಲ್ಪ ಅಳೆದು ಕೇಳಿ. 2021-22ರಿಂದ ಎನ್‌ಇಪಿ (ರಾಷ್ಟ್ರೀಯ ಶಿಕ್ಷಣ ನೀತಿ) ಪದ್ಧತಿ ಇತ್ತು. 2024-25ರಿಂದ ನಮ್ಮ ರಾಜ್ಯ ಮತ್ತೆ ಮೂರು ವರ್ಷದ ಡಿಗ್ರಿಗೆ ಮರಳಿತು. ಹಾಗಾಗಿ ಆ ಪದ್ಧತಿಯಲ್ಲಿ ಓದಿದ ಅಕ್ಕನ ಓಪನ್ ಎಲೆಕ್ಟಿವ್ (ಬೇರೆ ವಿಭಾಗದಿಂದ ಆರಿಸಿಕೊಳ್ಳುವ ವಿಷಯ) ಲೆಕ್ಕ ನಿಮಗೆ ಹೊಂದದೇ ಇರಬಹುದು. ನಿಮ್ಮ ವರ್ಷದ ಸಿಲಬಸ್ಸನ್ನೇ ಕೇಳಿ ಪಡೆಯಿರಿ.

ಮೂರನೆಯದು ಬಸ್ಸು. ನಮ್ಮ ಕಡೆ ಇದನ್ನು ಬಿಟ್ಟು ಲೆಕ್ಕ ಹಾಕುವ ಹಾಗೇ ಇಲ್ಲ. ಸೈನ್ಸ್ ತಗೊಂಡರೆ ಮಧ್ಯಾಹ್ನದ ಮೇಲೆ ಲ್ಯಾಬ್ ಇರುತ್ತದೆ. ಹೊಸನಗರ, ತೀರ್ಥಹಳ್ಳಿ ಕಡೆಯ ಹಳ್ಳಿಗೆ ಹೋಗುವ ಕೊನೆ ಬಸ್ಸು ಲ್ಯಾಬ್ ಮುಗಿಯುವ ತನಕ ಕಾಯುವುದಿಲ್ಲ. ಟೈಂಟೇಬಲ್ ಪಕ್ಕದಲ್ಲೇ ಬಸ್ಸಿನ ಟೈಮು ಬರೆದು ನೋಡಿ. ಹೆಣ್ಣುಮಕ್ಕಳಿಗೆ ಶಕ್ತಿ ಯೋಜನೆ ಇದೆ, ನಿಜ. ಆದರೆ ಅದು ಸರ್ಕಾರಿ ಬಸ್ಸಿಗೆ ಮಾತ್ರ. ನಿಮ್ಮೂರಿಗೆ ಬರುವುದು ಖಾಸಗಿ ಬಸ್ಸೇ ಆದರೆ ತಿಂಗಳ ಖರ್ಚು ಮೊದಲೇ ಲೆಕ್ಕ ಹಾಕಿ. ಹೊಂದದಿದ್ದರೆ ವಿಷಯ ಬದಲಿಸುವ ಮೊದಲು ಹಾಸ್ಟೆಲ್‌ಗೆ ಅರ್ಜಿ ಹಾಕಿ. ಬಸ್ಸಿನ ಕಾರಣಕ್ಕೆ ಇಷ್ಟದ ವಿಷಯ ಬಿಟ್ಟ ಮಕ್ಕಳನ್ನು ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಇನ್ನು ಎನ್‌ಸಿಸಿ, ಎನ್‌ಎಸ್‌ಎಸ್. ಎರಡರಲ್ಲಿ ಒಂದು ಸಾಕು. ಎನ್‌ಎಸ್‌ಎಸ್ ಅಂದರೆ ವರ್ಷಕ್ಕೆ 120 ಗಂಟೆಯಂತೆ ಎರಡು ವರ್ಷ, ಜತೆಗೆ 7 ದಿನದ ಶಿಬಿರ. ಎನ್‌ಸಿಸಿಗೆ ಮೊದಲ ವರ್ಷವೇ ಸೇರಬೇಕು. ‘ಬಿ’ ಸರ್ಟಿಫಿಕೇಟ್ ಆದ ಮೇಲೆ ‘ಸಿ’ ಬರುವುದು ಮೂರನೇ ವರ್ಷದಲ್ಲಿ. ಸೇನೆಯಲ್ಲಿ ಅಧಿಕಾರಿ ಆಗಬೇಕು ಅನ್ನುವವರಿಗೆ ಈ ‘ಸಿ’ ಇದ್ದರೆ ಲಿಖಿತ ಪರೀಕ್ಷೆ ಇಲ್ಲದೆ ಎಸ್‌ಎಸ್‌ಬಿ (ಸೇನಾ ಅಧಿಕಾರಿಗಳನ್ನು ಆರಿಸುವ ಮಂಡಳಿ) ಸಂದರ್ಶನಕ್ಕೆ ಹೋಗುವ ದಾರಿಯೂ ಇದೆ.

ಕೊನೆಗೆ ಯುಯುಸಿಎಂಎಸ್ ಅರ್ಜಿ, ಅಂದರೆ ಡಿಗ್ರಿ ಅಡ್ಮಿಷನ್ನಿಗೆ ರಾಜ್ಯದ ಆನ್‌ಲೈನ್ ಪೋರ್ಟಲ್‌ನಲ್ಲಿ ಹಾಕುವ ಅರ್ಜಿ. ಸೈಬರ್ ಸೆಂಟರ್‌ನಲ್ಲಿ ಬೇರೆಯವರು ಟೈಪ್ ಮಾಡುತ್ತಿದ್ದರೆ ಪಕ್ಕದಲ್ಲೇ ಕೂತು, ಸಬ್ಮಿಟ್ ಒತ್ತುವ ಮುಂಚೆ ಕಾಂಬಿನೇಷನ್ನಿನ ಮೂರೂ ವಿಷಯಗಳನ್ನು ಗಟ್ಟಿಯಾಗಿ ಓದಿಸಿಕೊಳ್ಳಿ. ಪ್ರಿಂಟ್ ತೆಗೆಸಿ. ಕ್ಲಾಸು ಶುರುವಾಗಿ ವಾರ ಕಳೆದ ಮೇಲೆ ‘ಇದು ನನಗಲ್ಲ’ ಅನ್ನಿಸಿದರೆ ಸುಮ್ನೆ ಇರಬೇಡಿ. ಬದಲಿಸಲು ಕೊನೆ ದಿನ ಯಾವುದು ಅಂತ ಅವತ್ತೇ ಆಫೀಸಿನಲ್ಲಿ ಕೇಳಿ, ಅರ್ಜಿ ಬರೆದು ಕೊಡಿ.