ಫ್ರೈಯರ್ ಪೈಲಟ್ ನಿಲ್ತಿಲ್ವಾ? ಮೊದಲು ಇದನ್ನ ನೋಡಿ

ಮಳೆ ಹಿಡಿದ ಮೇಲೆ ತೀರ್ಥಹಳ್ಳಿ, ಸಾಗರ ಕಡೆಯ ಹೋಟೆಲಿನವರು ಸುಮಾರು ಜನ ಕೇಳ್ತಿದ್ದೀರಿ: ಗ್ಯಾಸ್ ಫ್ರೈಯರಿನ ಪೈಲಟ್ (ದೊಡ್ಡ ಬರ್ನರ್ ಹೊತ್ತಿಸೋಕೆ ಸದಾ ಉರೀತಿರೋ ಸಣ್ಣ ಉರಿ) ಹತ್ತುತ್ತೆ, ನಾಬ್ ಬಿಟ್ಟ ಕೂಡ್ಲೇ ಆರಿಹೋಗುತ್ತೆ ಅಂತ. ವಾಲ್ವ್ ಬದಲಿಸೋಕೆ ಅವಸರ ಮಾಡ್ಬೇಡಿ, ಅದು ದುಬಾರಿ.

ಪೈಲಟ್ ಉರಿಯ ಪಕ್ಕ ಒಂದು ಸಣ್ಣ ಕಡ್ಡಿ ಇದೆಯಲ್ಲ, ಅದೇ ಥರ್ಮೋಕಪಲ್. ಅದರ ತುದಿ ಕಾದಾಗ ಸುಮಾರು 20–30 ಮಿಲಿವೋಲ್ಟ್ ಕರೆಂಟು ಹುಟ್ಟುತ್ತೆ. ವಾಲ್ವಿನೊಳಗಿನ ಅಯಸ್ಕಾಂತ ಗ್ಯಾಸಿನ ದಾರಿ ತೆರೆದು ಹಿಡಿಯೋದು ಅಷ್ಟರಲ್ಲೇ. ತುದಿ ತಣ್ಣಗಾದ್ರೆ ಗ್ಯಾಸ್ ಬಂದ್. ಹಾಗಾಗಿ ಪೈಲಟ್ ಹತ್ತಿದ ಮೇಲೂ ನಾಬ್ ಒತ್ತಿಕೊಂಡು 30 ಸೆಕೆಂಡ್ ಹಿಡೀರಿ. ಆಗಲೂ ನಿಲ್ಲದಿದ್ರೆ ಸಿಲಿಂಡರ್ ಬಂದ್ ಮಾಡಿ, ಪೂರ್ತಿ ತಣಿದ ಮೇಲೆ ತುದಿಯ ಮಸಿಯನ್ನ ನಯವಾದ ಉಪ್ಪುಕಾಗದದಲ್ಲಿ ಮೆಲ್ಲಗೆ ಉಜ್ಜಿ. ನಮ್ಮಲ್ಲಿ ಬಜ್ಜಿ ಎಣ್ಣೆ ಸಿಡಿದು ಹಲಸಿನ ಮೇಣದ ಹಾಗೆ ಅಂಟಿತ್ತು. ಉಜ್ಜಿದ್ದೇ ತಡ, ಪೈಲಟ್ ನಿಂತಿತು.

ಒಂದು ಮಾತು ಕೈಮುಗಿದು ಹೇಳ್ತೀನಿ. ಆರಿದ ತಕ್ಷಣ ಮತ್ತೆ ಕಡ್ಡಿ ಗೀರಬೇಡಿ. ಎಲ್‌ಪಿಜಿ ಗಾಳಿಗಿಂತ ಭಾರ, ನೆಲದಲ್ಲೇ ಕೂತಿರುತ್ತೆ. ಥಂಡಿಗೆ ಬಾಗಿಲು ಹಾಕಿದ ಅಡುಗೆಮನೆಯಲ್ಲಂತೂ ಹೊರಗೆ ಹೋಗೋದೇ ಇಲ್ಲ. ಬಾಗಿಲು, ಕಿಟಕಿ ತೆಗೆದು ಕನಿಷ್ಠ 5 ನಿಮಿಷ ಕಾಯಿರಿ. ವಾಸನೆ ಇದ್ರೆ ಸ್ವಿಚ್ ಕೂಡ ಮುಟ್ಟಬೇಡಿ.