ಮೆಣಸಿನ ಬೀಜ ಕೊಳ್ಳುವಾಗ ಬೀಜವಲ್ಲ, ಕಾಯಿ ನೋಡಿ

ಮಳೆ ಮುಗಿದು ಭತ್ತದ ಕೊಯ್ಲಾದರೆ ಕರಾವಳಿಯ ಹಿತ್ತಲಲ್ಲಿ ಮೆಣಸಿನ ಸಸಿಗೆ ಮಡಿ ಏಳುತ್ತದೆ. ಕಾರವಾರದ ಭಾನುವಾರದ ಸಂತೆಯಲ್ಲಿ ಬಿಡಿ ಬೀಜ ತೋರಿಸಿ ‘ಖಾರದ್ದೇ ಅಲ್ವಾ?’ ಎಂದರೆ ‘ಅಲ್ಲ’ ಅನ್ನುವವರು ಯಾರೂ ಸಿಗುವುದಿಲ್ಲ. ಬ್ಯಾಡಗಿಯದಿರಲಿ, ಗುಂಟೂರಿನದಿರಲಿ, ಬೀಜ ಅದೇ ಚಪ್ಪಟೆ, ಅದೇ ಮಾಸಲು ಹಳದಿ. ಬೀಜ ನೋಡಿ ತಳಿ ಹೇಳಲು ಆಗುವುದಿಲ್ಲ.

ಮೊದಲು ಬಣ್ಣ ಬೇಕೋ ಖಾರ ಬೇಕೋ ತೀರ್ಮಾನಿಸಿ. ಮೀನುಸಾರು ಕೆಂಪಗಾಗಬೇಕಾದರೆ ಬ್ಯಾಡಗಿ. ಅದರಲ್ಲಿ ಎರಡು ಬಗೆ: ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ತೆಳ್ಳಗೆ, ಒಣಗಿದರೆ ಮೈತುಂಬ ಸುಕ್ಕು. ಎರಡರಲ್ಲೂ ಖಾರ ಕಡಿಮೆ. ಗುಂಟೂರು ಸನ್ನಂ ಒಣಗಿದರೂ ಅಷ್ಟು ಸುಕ್ಕಾಗುವುದಿಲ್ಲ, ಖಾರ ಮಾತ್ರ ಜೋರು. ಹಸಿಮೆಣಸಿಗೇ ಆದರೆ ಪೂಸಾ ಜ್ವಾಲಾ ಸಾಕು: ಉದ್ದ, ತೆಳು ಹಸಿರು, ಅಂಕುಡೊಂಕು.

ಗೊಂದಲ ಜಾಸ್ತಿ ಇರುವುದು ಸಣ್ಣ ಕಾಯಿಗಳಲ್ಲಿ. ಜೀರಿಗೆ ಮೆಣಸು, ಸೂಜಿ ಮೆಣಸು, ಗಾಂಧಾರಿ ಅಂತ ಊರಿಗೊಂದು ಹೆಸರು. ಕಾಯಿ ಆಕಾಶ ನೋಡುತ್ತಿದ್ದರೆ ಅದೇ ಎಂದು ಹಲವರ ಲೆಕ್ಕ. ಅಷ್ಟಕ್ಕೇ ನಂಬಬೇಡಿ. ಅಲಂಕಾರದ ಕುಂಡದ ಮೆಣಸೂ ಹಾಗೇ ನಿಲ್ಲುತ್ತದೆ. ಸಾಧ್ಯವಾದರೆ ಗಿಡ ನೋಡಿ. ಮಾಮೂಲಿ ಮೆಣಸಿನ ಹೂವು ಅಚ್ಚ ಬಿಳಿ, ಸಾಮಾನ್ಯವಾಗಿ ಒಂದು ಗೆಣ್ಣಿಗೆ ಒಂದೇ. ಸೂಜಿ ಮೆಣಸಿನ ಹೂವಿನ ಬಿಳಿಯಲ್ಲಿ ಹಸಿರು ಬೆರೆತಿರುತ್ತದೆ. ಹಣ್ಣನ್ನು ಮೆಲ್ಲಗೆ ಎಳೆದರೆ ಸಾಕು, ತೊಟ್ಟು ಗಿಡದಲ್ಲೇ ಉಳಿದು ಹಣ್ಣು ಕೈಗೆ ಬರುತ್ತದೆ. ಗಿಡವೂ ಒಂದೇ ವರ್ಷಕ್ಕೆ ಮುಗಿಯುವುದಿಲ್ಲ, ಎರಡು ಮೂರು ವರ್ಷ ಕಾಯಿ ಕೊಡುತ್ತದೆ.

ಈಚೆಗೆ ವಿಪರೀತ ಖಾರದ ಭೂತ್ ಜೊಲೋಕಿಯಾ ಮೆಣಸಿನ ಬೀಜ ಆನ್‌ಲೈನಿನಲ್ಲಿ ತರಿಸುವ ಉತ್ಸಾಹಿಗಳಿದ್ದಾರೆ. ಅದರ ಕಾಯಿ ತಿರುಗಿಸಿ ತೊಟ್ಟು ಸೇರುವ ಜಾಗ ನೋಡಿ. ಹಸಿರು ಟೋಪಿಯ ಬುಡದಲ್ಲಿ ದಾರ ಕಟ್ಟಿ ಬಿಗಿದಂಥ ಗೆರೆ ಇರುತ್ತದೆ. ಸೂಜಿ ಮೆಣಸಿಗೆ ಈ ಗೆರೆ ಇಲ್ಲ. ಹೆಸರಿಗೆ ಮರುಳಾಗಿ ಮಕ್ಕಳಿರುವ ಮನೆಯಲ್ಲಿ ಇದನ್ನು ನೆಡುವುದು ನನಗಂತೂ ಸರಿಕಾಣದು. ಖಾರ ಅಳೆಯುವ ಸ್ಕೋವಿಲ್ ಲೆಕ್ಕದಲ್ಲಿ ಇದು ಹತ್ತು ಲಕ್ಷ ಘಟಕ ದಾಟಿದ್ದೂ ಇದೆ.

ಅಂಗಡಿಯ ಒಣಮೆಣಸಿನಿಂದಲೇ ಬೀಜ ತೆಗೆಯಬಹುದಾ? ಬಿಸಿಲಲ್ಲಿ ಒಣಗಿದ್ದಾದರೆ ಮೊಳೆಯಬಹುದು. ಆದರೆ ಜೇನ್ನೊಣಗಳು ಪಕ್ಕದ ಗಿಡದ ಪರಾಗ ತಂದು ಹಾಕಿರುತ್ತವೆ. ಕಾಯಿಯ ರೂಪ, ಖಾರ ತಾಯಿಗಿಡದ್ದು. ಒಳಗಿನ ಬೀಜದ ತಂದೆ ಯಾರೆಂದು ಕಾಯಿ ಹೇಳುವುದಿಲ್ಲ. ಹತ್ತಿರ ಬೇರೆ ಮೆಣಸು ಇಲ್ಲದ ಹಿತ್ತಲಿನದಾದರೆ ಧೈರ್ಯವಾಗಿ ತನ್ನಿ. ತರಕಾರಿ ಮಾರುವ ಹಾಲಕ್ಕಿ ಸಮುದಾಯದ ಹೆಂಗಸರನ್ನು ಕೇಳಿ: ‘ಅಕ್ಕಾ, ಇದರ ಪಕ್ಕ ಏನು ಹಾಕಿದ್ರಿ?’

ಪೊಟ್ಟಣ ಕೊಳ್ಳುವುದಾದರೆ ಚಿತ್ರ ಬಿಟ್ಟು ಹಿಂಬದಿ ಓದಿ. ತಳಿಯ ಹೆಸರಿರಬೇಕು; ಸುಮ್ನೆ ‘ಚಿಲ್ಲಿ’ ಅಂತಿದ್ದರೆ ವಾಪಸ್ ಇಡಿ. ಪರೀಕ್ಷೆಯ ದಿನಾಂಕ, ಮೊಳಕೆ ಪ್ರಮಾಣ ನೋಡಿ. ಪ್ರಮಾಣೀಕೃತ ಮೆಣಸಿನ ಬೀಜಕ್ಕೆ ಕನಿಷ್ಠ ಮೊಳಕೆ ಶೇ 60. ಎಫ್1 ಎಂದಿದ್ದರೆ ಅದು ಹೈಬ್ರಿಡ್, ಮುಂದಿನ ವರ್ಷಕ್ಕೆ ಬೀಜ ಉಳಿಸಿದರೆ ಅದೇ ಕಾಯಿ ಬರುವುದಿಲ್ಲ. ಬೀಜಕ್ಕೆ ಗುಲಾಬಿಯೋ ಹಸಿರೋ ಬಣ್ಣ ಹಚ್ಚಿದ್ದರೆ ಅದು ಔಷಧಿ. ಬಿತ್ತಿದ ಮೇಲೆ ಕೈ ತೊಳೆಯಿರಿ, ಉಳಿದದ್ದನ್ನು ಅಡುಗೆಮನೆ ಡಬ್ಬಿಯ ಹತ್ತಿರ ಇಡಬೇಡಿ.