ಕಣ್ಣು ಕೆಳಗಿಳೀದಿದ್ರೆ ತಟ್ಟೇನ ಮೇಲಕ್ಕೆ ತನ್ನಿ: ಪಿಎಸ್‌ಪಿ ಅನ್ನೋ ಮೆದುಳಿನ ಖಾಯಿಲೆ ಇರೋರನ್ನ ಮನೇಲಿ ನೋಡ್ಕೊಳ್ಳೋದು ಹೇಗೆ

ನಮ್ಮಪ್ಪ ಲೈನ್‌ಮ್ಯಾನ್ ಆಗಿದ್ದೋರು, ಮೂವತ್ತು ವರ್ಷ ತಿಪಟೂರು ಸುತ್ತಮುತ್ತ ಕಂಬ ಹತ್ತಿ ಇಳಿದಿದಾರೆ, ಒಂದಿನಾನೂ ಬಿದ್ದೋರಲ್ಲ. ರಿಟೈರ್ ಆಗಿ ಐದು ವರ್ಷಕ್ಕೆ ಮನೆ ಹಾಲ್‌ನಲ್ಲಿ, ಸಪಾಟು ನೆಲದ ಮೇಲೆ, ಮರ ಕಡಿದಂಗೆ ಹಿಂದಕ್ಕೆ ಬಿದ್ರು. ಎಡವಿಲ್ಲ, ಜಾರಿಲ್ಲ, ತಲೆ ಸುತ್ತಿಲ್ಲ. ಅದಾಗಿ ತಿಂಗಳಲ್ಲಿ ಇನ್ನೊಂದ್ಸಲ. ಅಷ್ಟೊತ್ತಿಗೆ ಊಟದಲ್ಲೂ ಎಡವಟ್ಟು ಶುರುವಾಗಿತ್ತು, ಮುದ್ದೆ ಮುರಿಯೋಕೆ ಹೋದ ಕೈ ತಟ್ಟೆ ಪಕ್ಕಕ್ಕೆ ಹೋಗೋದು, ಬಸ್ಸಾರು ಪಂಚೆ ಮೇಲೆ ಸುರಿಯೋದು, ಅಮ್ಮ "ನೋಡ್ಕೊಂಡು ತಿನ್ನಬಾರ್ದಾ" ಅಂತ ದಿನಾ ಬೈಯೋದು. ನೋಡೋಕೇ ಆಗ್ತಿರ್ಲಿಲ್ಲ ಅಂತ ನಮಗೆ ಗೊತ್ತಾಗಿದ್ದು ಒಂದೂವರೆ ವರ್ಷ ಆದ್ಮೇಲೆ. ಅಷ್ಟರಲ್ಲಿ ಎರಡು ಸಲ ಕನ್ನಡಕ ಬದಲಾಯ್ಸಿದ್ವಿ, ಒಬ್ರು ಕತ್ತಿನ ಮೂಳೆ ಸವೆದಿದೆ ಅಂದ್ರು, ಇನ್ನೊಬ್ರು ಪಾರ್ಕಿನ್‌ಸನ್ಸ್ ಅಂದ್ರು.

ಖಾಯಿಲೆ ಹೆಸರು ಪ್ರೊಗ್ರೆಸಿವ್ ಸೂಪ್ರಾನ್ಯೂಕ್ಲಿಯರ್ ಪಾಲ್ಸಿ, ಎಲ್ಲರೂ ಪಿಎಸ್‌ಪಿ ಅಂತಾರೆ. ಟೊರಾಂಟೊದ ಸ್ಟೀಲ್, ರಿಚರ್ಡ್‌ಸನ್, ಒಲ್ಶೆವ್‌ಸ್ಕಿ ಅನ್ನೋ ಮೂರು ಜನ ಡಾಕ್ಟ್ರುಗಳು 1964ರಲ್ಲಿ ಇದು ಪಾರ್ಕಿನ್‌ಸನ್ಸ್ ಅಲ್ಲ, ಬೇರೇನೇ ಅಂತ ಬರೆದ್ರು. ಸಾಮಾನ್ಯವಾಗಿ ಅರವತ್ತರ ಆಚೀಚೆ ಶುರುವಾಗುತ್ತೆ, ಲಕ್ಷಕ್ಕೆ ಐದಾರು ಜನಕ್ಕೆ ಇರಬಹುದು. ಮಿಡ್‌ಬ್ರೇನ್ ಅಂತ ಮೆದುಳಿನ ಬುಡದಲ್ಲಿ ಹೆಬ್ಬೆರಳಷ್ಟು ಜಾಗ ಇದೆ, ಕಣ್ಣನ್ನ ಮೇಲೆ ಕೆಳಗೆ ಓಡಿಸೋ ಕಂಟ್ರೋಲ್ ಅಲ್ಲೇ ಇರೋದು. ಟಾವ್ ಅನ್ನೋ ಪ್ರೋಟೀನು ಗಂಟುಗಂಟಾಗಿ ಸೇರ್ಕೊಂಡು ಅಲ್ಲಿನ ನರಕೋಶ ಸಾಯ್ತಾ ಹೋಗುತ್ತೆ. ಎಂಆರ್‌ಐನ ಪಕ್ಕದಿಂದ ನೋಡಿದ್ರೆ ಮಿಡ್‌ಬ್ರೇನ್ ಸವೆದು ಹಮ್ಮಿಂಗ್‌ಬರ್ಡ್ ಹಕ್ಕಿ ಕೊಕ್ಕಿನ ಥರ ಕಾಣುತ್ತೆ, ರಿಪೋರ್ಟಲ್ಲೂ ಆ ಹಕ್ಕಿ ಹೆಸರೇ ಬರೆದಿರ್ತಾರೆ, ಗಾಬರಿ ಆಗ್ಬೇಡಿ.

ಆದ್ರೆ ನಮ್ಮಪ್ಪನ ವಿಷಯದಲ್ಲಿ ಡಾಕ್ಟ್ರಿಗೆ ಗೊತ್ತಾಗಿದ್ದು ಎಂಆರ್‌ಐಗೂ ಮುಂಚೆ, ಒಂದು ಪೆನ್ನಿಂದ. ಯಜಮಾನ್ರೇ ತಲೆ ಆಡಿಸ್ಬೇಡಿ, ಪೆನ್ನು ಹೋದ ಕಡೆ ಕಣ್ಣು ಮಾತ್ರ ತನ್ನಿ ಅಂದ್ರು. ಎಡಕ್ಕೆ ಬಲಕ್ಕೆ ಬಂತು, ಕೆಳಗೆ ಅಂದಾಗ ಕಣ್ಣುಗುಡ್ಡೆ ಅಲ್ಲೇ ನಿಂತ್ಬಿಡ್ತು. ಆಮೇಲೆ ನನ್ನ ಮುಖಾನೇ ನೋಡ್ತಿರಿ ಅಂತ ಹೇಳಿ ಅಪ್ಪನ ತಲೇನ ಎರಡೂ ಕೈಲಿ ಹಿಡಿದು ಮೆಲ್ಲಗೆ ಮೇಲಕ್ಕೆತ್ತಿದ್ರು, ಆಗ ನೋಡಿ, ಅದೇ ಕಣ್ಣುಗುಡ್ಡೆ ಆರಾಮಾಗಿ ಕೆಳಗಿಳೀತು. ಅಂದ್ರೆ ಕಣ್ಣಿನ ಸ್ನಾಯು ಸರಿ ಇದೆ, ನರ ಸರಿ ಇದೆ, ಕೆಳಗೆ ನೋಡು ಅಂತ ಮೇಲಿಂದ ಬರಬೇಕಾದ ಆರ್ಡರ್ ಬರ್ತಿಲ್ಲ. ಅಪ್ಪ ಸುಮ್ನೆ ಕೇಳ್ತಿದ್ದೋರು "ಹಂಗಾದ್ರೆ ಲೈನು ಸರಿ ಐತೆ, ಬಲ್ಬು ಸರಿ ಐತೆ, ಸ್ವಿಚ್ಚು ಹೋಗೈತೆ ಅನ್ನಿ" ಅಂದ್ರು. ಡಾಕ್ಟ್ರೂ ನಕ್ಕು ಹೂಂ ಅಂದ್ರು. ಮೂರೇ ಸಲ ಚಪ್ಪಾಳೆ ತಟ್ಟಿ ಅಂದಾಗ ಮಾತ್ರ ಅಪ್ಪ ಭಜನೇಲಿ ಕೂತಂಗೆ ತಟ್ತಾನೇ ಇದ್ರು, ನಿಲ್ಲಿಸೋಕೆ ಆಗ್ಲಿಲ್ಲ, ಅದೂ ಒಂದು ಟೆಸ್ಟೇ ಅಂತೆ. (ಕತ್ತು ಹಿಡಿದು ಎತ್ತೋ ಟೆಸ್ಟನ್ನ ನೀವು ಮನೇಲಿ ಮಾಡೋಕೆ ಹೋಗ್ಬೇಡಿ, ವಯಸ್ಸಾದೋರ ಕತ್ತು.)

ಈಗ ಮನೇಲಿ ಏನು ಮಾಡ್ಬೇಕು ಅನ್ನೋದಕ್ಕೆ ಬರ್ತೀನಿ. ಕಣ್ಣು ಕೆಳಗೆ ಹೋಗಲ್ಲ, ಹಾಗಾಗಿ ಕೆಳಗಿರೋದನ್ನೆಲ್ಲ ಅವರ ಕಣ್ಣಿನ ಮುಂದಕ್ಕೆ ತರಬೇಕು, ತರೋಕಾಗದೇ ಇರೋದನ್ನ ದಾರಿಯಿಂದ ತೆಗೀಬೇಕು. ಉಳಿದಿದ್ದೆಲ್ಲ ಇದರ ಮೇಲೇನೇ.

ಮೊದಲು ನೆಲ. ಬಾಗಿಲ ಹತ್ರ ಬಿಟ್ಟಿರೋ ಚಪ್ಪಲಿ, ಕಾಲೊರಸೋ ಮ್ಯಾಟು, ಚಾರ್ಜರ್ ವೈರು, ಬಾತ್‌ರೂಮಲ್ಲಿ ಬಕೆಟ್ಟು, ಇವೆಲ್ಲ ಅವರ ಪಾಲಿಗೆ ಇಲ್ಲವೇ ಇಲ್ಲ ಅನ್ಕೊಳ್ಳಿ, ಕಾಲಿಗೆ ತಗುಲಿದಾಗ್ಲೇ ಗೊತ್ತಾಗೋದು. ಎಲ್ಲಾ ತೆಗ್ದುಬಿಡಿ. ಹೊಸಿಲು ತೆಗೆಯೋಕಾಗಲ್ಲ, ಅದಕ್ಕೆ ನಾವು ಬಾಗಿಲ ಚೌಕಟ್ಟಿಗೆ ಎದೆ ಎತ್ತರದಲ್ಲಿ ಹಳದಿ ಟೇಪ್ ಹಚ್ಚಿದೀವಿ, ಹಳದಿ ಕಂಡ್ರೆ ಕಾಲೆತ್ತಬೇಕು ಅಂತ ಅಪ್ಪನಿಗೆ ಅಭ್ಯಾಸ ಆಗಿದೆ. ಎಲ್ರೂ ಮೆಟ್ಟಿಲ ಅಂಚಿಗೇ ಟೇಪ್ ಹಚ್ಚಿ ಅಂತಾರೆ, ಹಚ್ಚಿ, ತಪ್ಪಿಲ್ಲ, ಆದ್ರೆ ಕೆಳಗೆ ನೋಡೋಕಾಗದೋರಿಗೆ ಅದು ಕಾಣೋದು ದೂರದಿಂದ ಮಾತ್ರ. ಮೆಟ್ಟಿಲು ಇಳಿಯೋದು ಹತ್ತೋದಕ್ಕಿಂತ ಅಪಾಯ, ಇಳಿಯೋವಾಗ ಒಬ್ರು ಜೊತೇಲಿ ಇರ್ಲೇಬೇಕು. ಹವಾಯಿ ಚಪ್ಪಲಿ ಬಿಡಿಸಿ ಹಿಮ್ಮಡಿ ಮುಚ್ಚೋ ಶೂ ಹಾಕಿ.

ನಡೆಸೋವಾಗ ನಾವು ಮಾಡ್ತಿದ್ದ ದೊಡ್ಡ ತಪ್ಪು ಮುಂದೆ ನಿಂತ್ಕೊಂಡು ಎರಡೂ ಕೈ ಹಿಡಿದು ಮಗೂನ ನಡೆಸೋ ಥರ ಎಳೆಯೋದು. ಇವರು ಬೀಳೋದು ಹಿಂದಕ್ಕೆ, ಅದಕ್ಕೆ ಪಕ್ಕದಲ್ಲಿ ಸ್ವಲ್ಪ ಹಿಂದೆ ನಿಂತ್ಕೊಂಡು ಸೊಂಟಕ್ಕೆ ಕಟ್ಟಿರೋ ಅಗಲ ಬೆಲ್ಟ್ ಹಿಡ್ಕೋಬೇಕು, ಹೆಂಗೆ ಹಿಡೀಬೇಕು ಅನ್ನೋದನ್ನ ಫಿಜಿಯೋ ಹತ್ರ ಒಂದ್ಸಲ ಕಲೀರಿ. ಹಗುರ ಅಲ್ಯೂಮಿನಿಯಂ ವಾಕರ್ ತಂದ್ವಿ, ಅದನ್ನೂ ಎತ್ಕೊಂಡೇ ಹಿಂದಕ್ಕೆ ಬಿದ್ರು. ಮುಂದುಗಡೆ ತಳದಲ್ಲಿ ತೂಕ ಇರೋ ವಾಕರ್ ಆದ್ರೆ ವಾಸಿ. ತಿರುಗೋವಾಗ ನಿಂತಲ್ಲೇ ಗಿರಕ್ಕಂತ ತಿರುಗಬಾರ್ದು, ಬಸ್ಸು ಟರ್ನ್ ತಗೊಂಡಂಗೆ ದೊಡ್ಡದಾಗಿ ಸುತ್ತಿ ಬರಬೇಕು.

ಕೂತ ಕುರ್ಚಿಯಿಂದ ರಾಕೆಟ್ ಥರ ಎದ್ದುಬಿಡೋದು ಇನ್ನೊಂದು. ನೂರು ಸಲ ಹೇಳಿದೀವಿ, ಏಳೋ ಮುಂಚೆ ಕರೀರಿ ಅಂತ, ಹೂಂ ಅಂತಾರೆ, ಎರಡು ನಿಮಿಷಕ್ಕೆ ಎದ್ದೇಬಿಡ್ತಾರೆ. ಹಠ ಅಂತ ಜಗಳ ಆಡಿದ್ದೂ ಆಯ್ತು. ಹಠ ಅಲ್ಲ ಅದು, ತಡೆಯೋ ಬ್ರೇಕ್ ಕೂಡ ಅದೇ ಖಾಯಿಲೇಲಿ ಹೋಗಿದೆ. ಬೈಯೋ ಬದ್ಲು ಯಾಕೆ ಏಳ್ತಾರೆ ಅಂತ ನೋಡಿ: ನೀರು, ರಿಮೋಟು, ಬಾತ್‌ರೂಮು. ಮೊದಲಿನೆರಡನ್ನ ಕೈಗೆ ಸಿಗೋ ಹಾಗೆ ಎದೆ ಎತ್ತರದ ಸ್ಟೂಲ್ ಮೇಲಿಡಿ, ಬಾತ್‌ರೂಮಿಗೆ ನೀವೇ ಎರಡೆರಡು ಗಂಟೆಗೊಂದ್ಸಲ ಕರ್ಕೊಂಡ್ಹೋಗಿ, ರಾತ್ರಿಗೆ ಮಂಚದ ಪಕ್ಕ ಕಮೋಡ್ ಕುರ್ಚಿ. ಇಂಡಿಯನ್ ಟಾಯ್ಲೆಟ್ ಅಂತೂ ಬೇಡವೇ ಬೇಡ. ಬಾತ್‌ರೂಮ್ ಬಾಗಿಲು ಹೊರಕ್ಕೆ ತೆರೆಯೋ ಹಾಗೆ ಮಾಡಿಸಿ, ಒಳಕ್ಕೆ ತೆರೆಯೋದಾದ್ರೆ ಅವರು ಬಿದ್ದು ಬಾಗಿಲಿಗೆ ಅಡ್ಡ ಆದ್ರೆ ನೀವು ಒಳಗೆ ಹೋಗೋದು ಹೆಂಗೆ?

ಊಟದ ವಿಷಯ ಸ್ವಲ್ಪ ಜಾಸ್ತಿ ಹೇಳ್ಬೇಕು, ಯಾಕಂದ್ರೆ ಪಿಎಸ್‌ಪಿಲಿ ಜೀವ ಹೋಗೋದು ಹೆಚ್ಚಾಗಿ ಅನ್ನ ನೀರು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯಾ ಆಗಿ. ಟೇಬಲ್ ಮೇಲೆ ದೊಡ್ಡ ಸ್ಟೀಲ್ ಡಬ್ಬಿ ಬೋರಲಾಗಿಟ್ಟು ಅದರ ಮೇಲೆ ಅಂಚಿರೋ ತಟ್ಟೆ ಇಟ್ವಿ, ಎದೆ ಮಟ್ಟಕ್ಕೆ ಬಂತು, ಅವತ್ತೇ ಪಂಚೆ ಮೇಲೆ ಸಾರು ಬೀಳೋದು ಮುಕ್ಕಾಲು ಭಾಗ ನಿಂತ್ಹೋಯ್ತು. ಅದಕ್ಕಿಂತ ಎತ್ತರ ಬೇಡ, ಕತ್ತು ಹಿಂದಕ್ಕೆ ಹೋಗುತ್ತೆ. ಅದೇ ಕಾರಣಕ್ಕೆ ಲೋಟ ಎತ್ತಿ ಬಾಯಿಗೆ ತಾಗಿಸ್ದೆ ಗಟಗಟ ಕುಡಿಯೋ ನಮ್ಮ ಪದ್ಧತಿ ಇದೆಯಲ್ಲ, ಅದನ್ನ ಮೊದಲನೇ ದಿನದಿಂದ್ಲೇ ಬಿಡಿಸಿ, ಎಂಜಲು ಗಿಂಜಲು ಅಂತ ಅಮ್ಮ ತಕರಾರು ಮಾಡಿದ್ರು, ಅಪ್ಪನಿಗೇ ಅಂತ ಒಂದು ಅಗಲ ಬಾಯಿ ಲೋಟ ತೆಗೆದಿಟ್ವಿ, ಮುಗೀತು. ಮುದ್ದೆ ನುಂಗೋ ಪದಾರ್ಥ, ಅಗಿಯೋದಲ್ಲ, ಅದೂ ನಿಲ್ತು. ಅಪ್ಪ ಬೇಜಾರಾಗಿದ್ದು ಅದೊಂದಕ್ಕೇ, ಖಾಯಿಲೆ ಹೆಸರು ಕೇಳ್ದಾಗ್ಲೂ ಅಷ್ಟು ಆಗಿರ್ಲಿಲ್ಲ. ನೀರು, ಮಜ್ಜಿಗೆ, ತಿಳಿಸಾರು ಇಂಥ ತೆಳು ಪದಾರ್ಥವೇ ಜಾಸ್ತಿ ದಾರಿ ತಪ್ಪೋದು, ಗಟ್ಟಿ ರಾಗಿ ಗಂಜಿ, ಮೆತ್ತಗೆ ಕಲಸಿದ ಮೊಸರನ್ನ ಸಲೀಸು. ಗದ್ದ ಸ್ವಲ್ಪ ಎದೆ ಕಡೆ ಬಾಗಿಸಿ ಸಣ್ಣ ತುತ್ತು, ನುಂಗಿದ್ ಮೇಲೇ ಮುಂದಿನ ತುತ್ತು, ಊಟದ ಟೈಮಲ್ಲಿ ಟಿವಿ ಬೇಡ, ಊಟ ಆಗಿ ಅರ್ಧ ಗಂಟೆ ಮಲಗಿಸ್ಬೇಡಿ. ಕುಡಿದ ತಕ್ಷಣ ಕೆಮ್ಮು, ಗಂಟಲಲ್ಲಿ ಗೊರಗೊರ, ಪದೇಪದೇ ಜ್ವರ, ಇದ್ರಲ್ಲಿ ಯಾವುದಿದ್ರೂ ನುಂಗೋದನ್ನ ಪರೀಕ್ಷೆ ಮಾಡೋ ಸ್ಪೀಚ್ ಥೆರಪಿಸ್ಟ್ ಹತ್ರ ಹೋಗಿ, ಯಾರಿಗೆ ಎಷ್ಟು ಗಟ್ಟಿ ಬೇಕು ಅನ್ನೋದನ್ನ ಅವರೇ ಹೇಳ್ಬೇಕು. ಮುಂದೆ ಹೊಟ್ಟೆಗೆ ಟ್ಯೂಬ್ ಹಾಕಿಸೋದಾ ಬೇಡ್ವಾ ಅನ್ನೋ ಮಾತನ್ನ ಅವರಿಗೆ ಮಾತು ಬರ್ತಿರೋವಾಗ್ಲೇ ಅವರನ್ನೇ ಕೇಳಿಟ್ಕೊಳ್ಳಿ, ಕಷ್ಟದ ಮಾತು ನಿಜ.

ಕನ್ನಡಕ: ಪ್ರೊಗ್ರೆಸಿವ್ ಆಗ್ಲಿ ಬೈಫೋಕಲ್ ಆಗ್ಲಿ ತೆಗ್ದಿಡಿ. ಓದೋ ಪವರ್ ಅದರ ಕೆಳಭಾಗದಲ್ಲಿರುತ್ತೆ, ಇವರ ಕಣ್ಣು ಅಲ್ಲಿಗೆ ಹೋಗಲ್ಲ. ಓದೋಕೊಂದು, ನಡೆಯೋಕೊಂದು ಬೇರೆ ಬೇರೆ ಮಾಡ್ಸಿ. ಪೇಪರನ್ನ ಟೇಬಲ್ ಮೇಲೆ ಸ್ಟ್ಯಾಂಡಿಗೆ ನಿಲ್ಲಿಸಿ ಮುಖದ ನೇರಕ್ಕೆ ತನ್ನಿ. ಪ್ರಿಸಂ ಗ್ಲಾಸ್ ಅಂತ ಬರುತ್ತೆ, ಕೆಳಗಿರೋದನ್ನ ಮೇಲಕ್ಕೆತ್ತಿ ತೋರ್ಸುತ್ತೆ, ಕೂತು ಓದೋಕೆ ಕೆಲವರಿಗೆ ಅನುಕೂಲ, ಎಲ್ರಿಗೂ ಆಗಲ್ಲ. ಇನ್ನು ನಾವು ನಿಮಿಷಕ್ಕೆ ಹದಿನೈದಿಪ್ಪತ್ತು ಸಲ ರೆಪ್ಪೆ ಬಡೀತೀವಿ, ಅಪ್ಪ ನಾಲ್ಕು ಸಲ (ಎಣಿಸಿದೀನಿ), ಅದಕ್ಕೆ ಕಣ್ಣು ಒಣಗಿ ಕೆಂಪಾಗುತ್ತೆ, ಬಿಸಿಲಿಗೆ ಹೋದ್ರೆ ಉರಿ. ದಿನಕ್ಕೆ ನಾಲ್ಕೈದು ಸಲ ಲೂಬ್ರಿಕೇಟಿಂಗ್ ಡ್ರಾಪ್ಸು, ರಾತ್ರಿ ಜೆಲ್ಲು, ಹೊರಗೆ ಹೋಗೋವಾಗ ಕೂಲಿಂಗ್ ಗ್ಲಾಸು. ಕೆಲವರಿಗೆ ರೆಪ್ಪೆ ಮುಚ್ಚಿದ್ರೆ ತೆಗೆಯೋಕೇ ಆಗಲ್ಲ, ನೋಡೋರು ನಿದ್ದೆ ಅನ್ಕೋತಾರೆ. ಬೊಟಾಕ್ಸ್ ಇಂಜೆಕ್ಷನ್ ಅಂದ್ರೆ ಸಿನಿಮಾದೋರಿಗೆ ಅಂತ ನಗ್ಬೇಡಿ, ಇದಕ್ಕೂ ಅದನ್ನೇ ಕೊಡ್ತಾರೆ, ಮೂರು ನಾಲ್ಕು ತಿಂಗಳು ತಡೆಯುತ್ತೆ.

ಮಾತ್ರೆ ವಿಷ್ಯ ಚಿಕ್ಕದಾಗಿ. ಖಾಯಿಲೆ ನಿಲ್ಲಿಸೋ ಔಷಧಿ ಇಲ್ಲ, ಶುರುವಾದಾಗಿಂದ ಸರಾಸರಿ ಆರೇಳು ವರ್ಷ ಅಂತಾರೆ, ಕೆಲವರಿಗೆ ಜಾಸ್ತಿ. ಪಾರ್ಕಿನ್‌ಸನ್ಸ್‌ಗೆ ಕೊಡೋ ಲೆವೊಡೋಪಾ ಟ್ರೈ ಮಾಡ್ತಾರೆ, ಹೆಚ್ಚಿನೋರಿಗೆ ಅಷ್ಟಕ್ಕಷ್ಟೇ, ಆದ್ರೆ ಕೆಲಸ ಮಾಡ್ತಿಲ್ಲ ಅಂತ ನೀವೇ ದಿಢೀರ್ ನಿಲ್ಲಿಸ್ಬೇಡಿ. ತಲೆಸುತ್ತು ಅಂತ ಮೆಡಿಕಲ್ ಶಾಪಲ್ಲಿ ಕೇಳಿದ್ರೆ ಸಿನ್ನರಿಜಿನ್, ಪ್ರೋಕ್ಲೋರ್‌ಪೆರಾಜಿನ್ ಕೊಡ್ತಾರಲ್ಲ, ಅವು ನಡಿಗೆ ಬಿಗಿತವನ್ನ ಇನ್ನೂ ಹಾಳು ಮಾಡ್ತವೆ, ನಮ್ಮಪ್ಪ ಎಂಟು ತಿಂಗಳು ನುಂಗಿದಾರೆ. ಹಂಗೇ ಪಕ್ಕದ ಮನೆಯೋರು ಲಕ್ಷ್ಮಣಫಲದ ಎಲೆ ಕಷಾಯ ತಂದುಕೊಟ್ರು, ಎಲ್ಲಾದಕ್ಕೂ ಒಳ್ಳೇದಂತೆ. ಕೆರಿಬಿಯನ್ ಕಡೆ ಗ್ವಾಡೆಲೂಪ್ ಅಂತ ದ್ವೀಪ ಇದೆ, ಅಲ್ಲಿ ಪಿಎಸ್‌ಪಿ ಥರದ್ದೇ ಖಾಯಿಲೆ ವಿಪರೀತ ಕಾಣ್ಸಿ, ಇದೇ ಹಣ್ಣು ಮತ್ತೆ ಎಲೆ ಕಷಾಯದ ಮೇಲೆ ಅನುಮಾನ ಇದೆ ಅಂತ 1999ರಲ್ಲೇ ಬರೆದಿದಾರೆ. ಪ್ರೂವ್ ಆಗಿಲ್ಲ, ಆದ್ರೂ ಇರೋ ಖಾಯಿಲೆಗೆ ಅನುಮಾನದ ಕಷಾಯ ಯಾಕೆ, ಗಿಡಕ್ಕೆ ಸುರಿದ್ವಿ.

ಒಂದು ಮಾತ್ರ ಬೇರೆ ಲೆಕ್ಕ. ಪಿಎಸ್‌ಪಿ ನಿಧಾನಕ್ಕೆ, ವರ್ಷಗಟ್ಟಲೆ ಬರೋದು. ಇದ್ದಕ್ಕಿದ್ದಂಗೆ ಒಂದು ರೆಪ್ಪೆ ಜೋತುಬಿದ್ದು, ಆ ಕಣ್ಣು ಹೊರಗಡೆ ತಿರುಗಿ, ಎಲ್ಲ ಎರಡೆರಡು ಕಂಡು, ಎದುರು ಬದಿ ಕೈಕಾಲು ಸೋತ್ರೆ ಅದು ಮಿಡ್‌ಬ್ರೇನ್ ಸ್ಟ್ರೋಕ್ ಆಗಿರಬಹುದು, 108ಕ್ಕೆ ಫೋನ್ ಮಾಡಿ, ಹೆಪ್ಪು ಕರಗಿಸೋ ಇಂಜೆಕ್ಷನ್‌ಗೆ ಟೈಮ್ ಇರೋದು ಸ್ಟ್ರೋಕ್ ಶುರುವಾದಾಗಿಂದ ನಾಲ್ಕೂವರೆ ಗಂಟೆ ಮಾತ್ರ. ರೆಪ್ಪೆ ಜೋತು ಆ ಕಣ್ಣಿನ ಪಾಪೆ ದೊಡ್ಡದಾಗಿ ಭಯಂಕರ ತಲೆನೋವಿದ್ರೆ ಮೆದುಳಿನ ರಕ್ತನಾಳ ಊದಿಕೊಂಡಿರಬಹುದು, ಅದೂ ತಕ್ಷಣ ಆಸ್ಪತ್ರೆಗೆ ಓಡಬೇಕಾದ ಕೇಸು. ಚಿಕ್ಕ ವಯಸ್ಸಿನೋರಿಗೆ ಕಣ್ಣು ಮೇಲಕ್ಕೆ ಹೋಗ್ತಿಲ್ಲ, ತಲೆನೋವು ವಾಂತಿ ಇದೆ ಅಂದ್ರೆ ಮಿಡ್‌ಬ್ರೇನ್ ಹಿಂದೆ ಗೆಡ್ಡೆನೋ, ಮೆದುಳಲ್ಲಿ ನೀರು ತುಂಬಿರೋದೋ ಇರಬಹುದು, ಕನ್ನಡಕದಂಗಡಿಗೆ ಹೋಗ್ಬೇಡಿ, ಸ್ಕ್ಯಾನ್ ಮಾಡ್ಸಿ.

ಕಾಗದಪತ್ರ: 2016ರ ವಿಕಲಚೇತನರ ಕಾಯ್ದೆಯ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ದೀರ್ಘಕಾಲದ ನರರೋಗಾನೂ ಇದೆ, ಯುಡಿಐಡಿ ಅನ್ನೋ ವಿಕಲಚೇತನರ ಗುರುತಿನ ಕಾರ್ಡಿಗೆ ಅರ್ಜಿ ಹಾಕಿ. ಅಪ್ಪ ನಡೀತಿರೋವಾಗ್ಲೇ ಹಾಕಿದ್ದು ಒಳ್ಳೇದಾಯ್ತು, ಈಗಾಗಿದ್ರೆ ಕರ್ಕೊಂಡು ಓಡಾಡೋದೇ ಕಷ್ಟ.

ಕೊನೇದು ಮಾತು. ದನಿ ಸಣ್ಣಗಾಗಿ ತೊದಲೋಕೆ ಶುರುವಾದ್ಮೇಲೆ ನಾವು ಒಂದು ರಟ್ಟಿಗೆ ದಪ್ಪ ಅಕ್ಷರದಲ್ಲಿ ಬೇಕಾಗಿರೋದನ್ನ ಬರೆದ್ವಿ. ಮೊದಲು ಒಂದರ ಕೆಳಗೊಂದು ಬರೆದು ಪೆದ್ದರಾದ್ವಿ, ಕಣ್ಣು ಕೆಳಗೇ ಹೋಗದೋರಿಗೆ ಎರಡನೇ ಸಾಲು ಕಾಣೋದು ಹೆಂಗೆ. ಅಡ್ಡಡ್ಡ ಬರೀಬೇಕು, ಎಡ ಬಲ ಕಣ್ಣು ಓಡೋದು ಇನ್ನೂ ಸುಮಾರು ದಿನ ಉಳಿದಿರುತ್ತೆ. ಈಗ ಒಂದೇ ಸಾಲಲ್ಲಿ ನೀರು, ಬಾತ್‌ರೂಮು, ನೋವು, ಸಾಕು ಅಂತ ಇದೆ. ಐದನೇದನ್ನ ಅಪ್ಪ ತಾವೇ ಹೇಳಿ ಬರೆಸಿದ್ದು, ಎಲೆಅಡಿಕೆ. ಗಂಟಲಿಗೆ ಸಿಕ್ಕೊಳ್ಳುತ್ತೆ ಕೊಡಬೇಡಿ ಅಂದಿದಾರೆ, ಕೊಡಲ್ಲ, ಆದ್ರೂ ದಿನಕ್ಕೆ ಮೂರು ಸಲ ಅದನ್ನೇ ನೋಡಿ ಆಮೇಲೆ ಅಮ್ಮನ ಕಡೆ ನೋಡ್ತಾರೆ.